ಹಿಂಬಾಗಿಲ ಪಾರ್ಸೆಲ್

ಆಹ್ವಾನ ಪತ್ರಿಕೆಯಲ್ಲಿ ಶೈಲಶ್ರೀಯ ಹೆಸರಿನ ಕೆಳಗೆ ‘ಜಲಶುದ್ಧೀಕರಣ ಕ್ಷೇತ್ರದ ಯುವ ಮಹಿಳಾ ಉದ್ಯಮಿ’ ಎಂದು ಅಚ್ಚಾಗಿತ್ತು. ಅವಳ ಉದ್ಯಮ ಸಂಡಾಸಿನ ಗುಂಡಿ ಖಾಲಿ ಮಾಡುವುದು. ನೀರಿಗೂ ಅದಕ್ಕೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ಫ್ಲಶ್ ಒತ್ತಿದ ಮೇಲೆ ಎಲ್ಲವನ್ನೂ ಹೊತ್ತುಕೊಂಡು ಹೋಗುವುದು ನೀರೇ. ಆದರೆ ಅದನ್ನು ಶುದ್ಧ ಮಾಡಿ ಯಾರಿಗೂ ಕುಡಿಯಲು ಕೊಟ್ಟ ನೆನಪು ಅವಳಿಗಿರಲಿಲ್ಲ.

ಅಚ್ಚಿಗೆ ಕಳಿಸುವ ಮೊದಲು ಮಧ್ವರಾಜರು ಫೋನ್ ಮಾಡಿದ್ದರು. ನವಿ ಮುಂಬೈಯ ನೆರೂಳದಲ್ಲಿ ಅವರದು ದೊಡ್ಡ ಉಡುಪಿ ಹೋಟೆಲು. ಅಲ್ಲಿನ ಪಡುವಣ ಕನ್ನಡ ಬಳಗಕ್ಕೆ ಅವರೇ ಅಧ್ಯಕ್ಷರು. ಆ ವರ್ಷದ ರಾಜ್ಯೋತ್ಸವದಲ್ಲಿ ಸನ್ಮಾನಕ್ಕೆ ಒಬ್ಬ ಹೆಣ್ಣುಮಗಳು ಬೇಕಿತ್ತು, ವಯಸ್ಸು ಚಿಕ್ಕದಿರಬೇಕಿತ್ತು, ‘ಕೆಳಗಿನಿಂದ ಮೇಲೆ ಬಂದವಳು’ ಆಗಿದ್ದರೆ ಇನ್ನೂ ಒಳ್ಳೆಯದಿತ್ತು.

“ಜನ ಊಟ ಮಾಡುವ ಹೊತ್ತಲ್ವಾ ಮಗಾ, ಅಲ್ಲಿ ಗುಂಡಿ ಗಿಂಡಿ ಅಂತ ಬರೆದ್ರೆ ಚಂದ ಕಾಣುದಿಲ್ಲ. ಹಾಗಾಗಿ ಜಲಶುದ್ಧೀಕರಣ. ನಿಂಗೆ ಬೇಜಾರಿಲ್ಲ ಅಲ್ಲ?”

“ಇಲ್ಲ ಸರ್” ಎಂದಳು. ಬೇಜಾರಿತ್ತು. ಆದರೆ ಅವ್ವ ಗಿರಿಜವ್ವ ಪಕ್ಕದಲ್ಲೇ ನಿಂತು ಕಿವಿ ಕೊಟ್ಟಿದ್ದಳು. ಶಾಲು, ಪೇಟ ಎಂಬ ಎರಡು ಮಾತು ಆಗಲೇ ಅವಳ ಕಿವಿಗೆ ಬಿದ್ದಿದ್ದವು. ಸಂಜೆಯೊಳಗೆ ಥಾಣೆಯ ಕೋಪರಿಯಲ್ಲಿ ಅವರಿದ್ದ ಚಾಳಿನ ಮಂದಿಗೆಲ್ಲ ಸುದ್ದಿ ಮುಟ್ಟಿತು.

ಈ ಮನೆತನದ ಕಸುಬು ಶುರುವಾದದ್ದು ಹೀಗೆ. ಅಪ್ಪ ಶಂಕರೆಪ್ಪ ಜೇವರ್ಗಿ ಕಡೆಯ ಒಂದು ಹಳ್ಳಿಯ ಕೆಳಗೇರಿಯವನು. ಕಟ್ಟಡದ ಕೆಲಸ ಹುಡುಕಿಕೊಂಡು ಥಾಣೆಗೆ ಬಂದ. ಕೂಲಿಯವರ ಮುಕಾದಮ ಅವನ ಊರು ಕೇಳಿದ, ಕೇರಿ ಕೇಳಿದ, ಕೇಳಿದ ಮೇಲೆ ಇಟ್ಟಿಗೆಯ ಬದಲು ಬಕೆಟ್ಟು ಕೊಟ್ಟ. ಅಲ್ಲಿಂದ ಮುಂದೆ ಡೊಂಬಿವಲಿ, ಕಲ್ಯಾಣ, ನೆರೂಳ ಎಂದು ಎಲ್ಲಿ ಗುಂಡಿ ತುಂಬಿದರೂ ಜನ ಶಂಕರೆಪ್ಪನನ್ನೇ ಕರೆದರು. ಇಳಿಯುವ ಮೊದಲು ಅವನು ಮೈಗೆ ಕೊಬ್ಬರಿ ಎಣ್ಣೆ ಬಳಿದುಕೊಳ್ಳುತ್ತಿದ್ದ. ಒಂದು ಕ್ವಾರ್ಟರ್ ಕುಡಿಯುತ್ತಿದ್ದ. ಕುಡಿಯದೆ ಇಳಿಯಲು ಸಾಧ್ಯವಾ ಎಂದು ಯಾರಾದರೂ ಕೇಳಿದರೆ, ನೀವೇ ಇಳಿದು ನೋಡಬೇಕು. ಎದೆಮಟ್ಟ ನಿಂತು, ಬಕೆಟ್ಟು ತುಂಬಿ ಮೇಲೆ ಕಳಿಸಬೇಕು. ಬಕೆಟ್ಟು ಮೇಲೆ ಹೋಗುವಾಗ ತುಳುಕುತ್ತದೆ. ತುಳುಕಿದ್ದು ತಲೆಯ ಮೇಲೆ ಬೀಳುತ್ತದೆ. ಬಾಯಿ ಮುಚ್ಚಿಕೊಂಡಿರಬೇಕು.

ಸೊಂಟಕ್ಕೆ ಹಗ್ಗ ಕಟ್ಟಿರುತ್ತಾರೆ. ಹಗ್ಗದ ಇನ್ನೊಂದು ತುದಿ ಮೇಲೆ ನಿಂತವನ ಕೈಯಲ್ಲಿ. ಇಲ್ಲೊಂದು ಕಟ್ಟುಪಾಡು ಇತ್ತು. ಹಗ್ಗ ಹಿಡಿಯುವವನು ಮನೆಯವನೇ ಆಗಿರಬೇಕು. ಕೂಲಿಯವನಾಗಲಿ ವಾಚ್‌ಮನ್ ಆಗಲಿ ಹಿಡಿಯುವಂತಿಲ್ಲ. ಪರರ ಜೀವ ಪರರಿಗೆ ಹಗುರ ಎಂದು ಶಂಕರೆಪ್ಪ ಹೇಳುತ್ತಿದ್ದ. ಎಲ್ಲಕ್ಕಿಂತ ಒಳ್ಳೆಯದು ಹೆಂಡತಿಯ ತಮ್ಮ. ಅಕ್ಕನ ಕುಂಕುಮ ತನ್ನ ಮುಷ್ಟಿಯಲ್ಲಿದೆ ಎಂದು ತಿಳಿದವನು ಬೀಡಿ ಸೇದಲು ಆಚೆ ಹೋಗುವುದಿಲ್ಲ. ಹಾಗಾಗಿ ಹಗ್ಗ ಹಿಡಿಯುತ್ತಿದ್ದವನು ಗಿರಿಜವ್ವನ ತಮ್ಮ ಶೇಖರ.

ಶೈಲಶ್ರೀ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಡೊಂಬಿವಲಿಯ ಒಂದು ಸೊಸೈಟಿಯ ಗುಂಡಿ. ಅಂದು ಶಂಕರೆಪ್ಪನಿಗೆ ಜ್ವರ. ‘ಇವತ್ತ ನಾ ಇಳೀತೀನಿ ಮಾವ, ನೀ ಹಿಡಿ’ ಎಂದ ಶೇಖರ. ಇಳಿದ. ಸ್ವಲ್ಪ ಹೊತ್ತಿಗೆ ಹಗ್ಗ ಸಡಿಲವಾಯಿತು. ಶಂಕರೆಪ್ಪ ಎಳೆದ. ಹಗ್ಗ ಸರಿಯಾಗಿತ್ತು, ಗಂಟು ಸರಿಯಾಗಿತ್ತು, ಹಿಡಿದವನೂ ಮನೆಯವನೇ. ಒಳಗಿನ ಗಾಳಿ ಸರಿಯಿರಲಿಲ್ಲ.

ಮನುಷ್ಯರನ್ನು ಗುಂಡಿಗೆ ಇಳಿಸಬಾರದೆಂದು ಕಾನೂನಿದೆ. ಸೊಸೈಟಿಯ ಸೆಕ್ರೆಟರಿಗೆ ಅದು ಗೊತ್ತಿತ್ತು. ಅದಕ್ಕೇ ಬೆಳಕು ಹರಿಯುವ ಮುಂಚೆ ಬರಹೇಳಿದ್ದ. ಸೊಸೈಟಿಯವರೇನೂ ಕೆಟ್ಟವರಲ್ಲ. ಎರಡು ನಿಮಿಷ ಮೌನ ಆಚರಿಸಿದರು. ಮೂರನೆಯ ನಿಮಿಷದಲ್ಲಿ ಸೆಕ್ರೆಟರಿ ಬಂದು, ಉಳಿದ ಅರ್ಧ ಗುಂಡಿ ಯಾವಾಗ ಆಗುತ್ತದೆ ಎಂದು ಕೇಳಿದ.

ಶೇಖರನ ದಿನಕರ್ಮ ಮುಗಿಯಿತು. ಶಂಕರೆಪ್ಪ ಮತ್ತೆ ಎಣ್ಣೆಯ ಬಾಟಲಿ ಕೈಗೆ ತೆಗೆದುಕೊಂಡ. ಶೈಲಶ್ರೀ ಅದನ್ನು ಕಿತ್ತು ಮೋರಿಗೆ ಸುರಿದಳು.

“ಬ್ಯಾರೆ ಏನ್ ಬರ್ತದ ಬೇ ನನಗ?” ಎಂದ ಶಂಕರೆಪ್ಪ. ಸಿಟ್ಟಿನಿಂದ ಕೇಳಿದ ಪ್ರಶ್ನೆಯಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದು.

ಅವಳಿಗೆ ಐರೋಳಿಯ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಮ್ಯಾನೇಜ್‌ಮೆಂಟ್ ಪದವಿ, ಫಸ್ಟ್ ಕ್ಲಾಸು. ಎ.ಸಿ. ಆಫೀಸು, ಕುತ್ತಿಗೆಗೆ ಕಾರ್ಡು. ಅವಳು ಆಫೀಸಿಗೆ ಹೋದರೆ ಅಪ್ಪ ಗುಂಡಿಗೆ ಹೋಗುತ್ತಾನೆ. ಇದು ತಿಳಿಯಲು ಮ್ಯಾನೇಜ್‌ಮೆಂಟ್ ಓದಬೇಕಾಗಿರಲಿಲ್ಲ. ಕಾಲೇಜಿನಲ್ಲಿ ‘ನಮ್ಮ ಕುಟುಂಬದ ವ್ಯವಹಾರ’ ಎಂದು ಎಲ್ಲರೂ ಮಾತಾಡಬೇಕಿದ್ದಾಗ, ಸೀರೆ ಅಂಗಡಿ ಟೈಲ್ಸ್ ಅಂಗಡಿಗಳ ಮಕ್ಕಳ ನಡುವೆ ನಿಂತು ಅವಳು ‘ಕನ್‌ಸ್ಟ್ರಕ್ಷನ್’ ಎಂದು ಸುಳ್ಳು ಹೇಳಿದ್ದಳು. ಈಗ ಆ ವ್ಯವಹಾರವನ್ನೇ ಕೈಗೆ ತೆಗೆದುಕೊಂಡಳು.

ಸಾಲ ಎತ್ತಿ ಹಳೆಯ ಟ್ಯಾಂಕರ್ ಹಿಡಿದಳು. ಗುಂಡಿಯೊಳಗಿನದನ್ನು ಎಳೆದುಕೊಳ್ಳುವ ಪಂಪು, ಉದ್ದನೆಯ ಪೈಪು, ವಿಷಗಾಳಿ ತೋರಿಸುವ ಮೀಟರು. ಗೂಗಲಿನಲ್ಲಿ ಹೆಸರು. ನೀಲಿ ಸಮವಸ್ತ್ರ. ಕಂಪನಿಗೆ ‘ಶೇಖರ ಸರ್ವಿಸಸ್’ ಎಂದು ಹೆಸರಿಟ್ಟಳು. ಟ್ಯಾಂಕರಿನ ಹಿಂಭಾಗದಲ್ಲಿ, ಬೇರೆಯವರು ‘ಹಾರ್ನ್ ಓಕೆ’ ಬರೆಸುವ ಜಾಗದಲ್ಲಿ, ಕನ್ನಡ ಮರಾಠಿ ಹಿಂದಿ ಮೂರರಲ್ಲೂ ಬರೆಸಿದಳು: ‘ಪೈಪು ಇಳಿಯುತ್ತದೆ. ಮನುಷ್ಯ ಇಳಿಯುವುದಿಲ್ಲ.’

ಇದರಿಂದ ಕೆಲಸ ಹಗುರಾಯಿತು ಎಂದು ಯಾರೂ ತಿಳಿಯಬಾರದು. ತುಂಬಿದ ಪೈಪು ಎಮ್ಮೆಯ ಕರುವಿನಷ್ಟು ಭಾರ. ಒಂದು ಕಡೆ ಡ್ರೈವರ್ ಮಯೂರ್, ಇನ್ನೊಂದು ಕಡೆ ಅವಳು. ಹೆಗಲಿನ ಚರ್ಮ ಸುಲಿದು ಗಟ್ಟಿಯಾಗಿತ್ತು. ಎಷ್ಟು ಉಜ್ಜಿದರೂ ಕೂದಲಲ್ಲಿ ವಾಸನೆ ಉಳಿಯುತ್ತಿತ್ತು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಅವಳು ಕೂತರೆ ಪಕ್ಕದವಳು ಮುಂದಿನ ಸ್ಟೇಷನ್ನಿನಲ್ಲಿ ಇಳಿಯುವವಳಂತೆ ಎದ್ದು ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದಳು. ಇಳಿಯುತ್ತಿರಲಿಲ್ಲ. ಶೈಲಶ್ರೀಗೆ ಕಾಲು ಚಾಚಲು ಜಾಗ ಸಿಗುತ್ತಿತ್ತು.

ಶಂಕರೆಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. ಮಗಳು ತನ್ನ ಕೈಯ ಕೆಲಸ ಕಸಿದಳು ಎಂದು ಮುಖ ಊದಿಸಿಕೊಂಡೇ ಮಯೂರನ ಪಕ್ಕ ಕೂತು ಬರುತ್ತಿದ್ದ. ಎಲ್ಲಿಗೆ ಹೋದರೂ ಒಂದು ಕೈಚೀಲ. ಚೀಲದಲ್ಲಿ ಆ ಹಗ್ಗ. ಬಿಸಾಡು ಎಂದರೆ ಬಿಸಾಡುತ್ತಿರಲಿಲ್ಲ.

ಮಧ್ವರಾಜರ ಹೋಟೆಲಿಗೆ ಶಂಕರೆಪ್ಪ ಹಳಬ. ಹೋಟೆಲು ಶುರುವಾದಾಗಿನಿಂದ ಅಲ್ಲಿನ ಗುಂಡಿ ಅವನದೇ. ಶೇಖರನೂ ಅವನೂ ಹಿಂದಿನ ಸಂದಿಯಿಂದ ಬರುತ್ತಿದ್ದರು, ಹಿಂದಿನ ಸಂದಿಯಿಂದಲೇ ಹೋಗುತ್ತಿದ್ದರು. ಕೆಲಸ ಮುಗಿದ ಮೇಲೆ ಅಡಿಗೆಮನೆಯ ಹಿಂಬಾಗಿಲು ಒಂದು ಗೇಣು ತೆರೆಯುತ್ತಿತ್ತು. ಕೈಯೊಂದು ಹೊರಗೆ ಬಂದು ಪಾರ್ಸೆಲ್ ಇಡುತ್ತಿತ್ತು. ಇಡ್ಲಿ, ಚಟ್ನಿ, ಎಲೆಯಲ್ಲಿ ಕಟ್ಟಿದ್ದು. ಮಧ್ವರಾಜರು ಉದಾರಿಗಳು, ಒಂದು ಸಲವೂ ಪಾರ್ಸೆಲ್ ತಪ್ಪಿಸಿದವರಲ್ಲ. ಆ ಬಾಗಿಲು ಗೇಣಿಗಿಂತ ಹೆಚ್ಚು ತೆರೆದದ್ದೂ ಇಲ್ಲ.

ಅಕ್ಟೋಬರಿನಲ್ಲಿ ಶೈಲಶ್ರೀ ಹೋಗಿ ಗುಂಡಿ ನೋಡಿ ಹೇಳಿದ್ದಳು. ತುಂಬಿದೆ, ತಕ್ಷಣ ಟ್ಯಾಂಕರ್ ತರಬೇಕು. ಹಿಂದಿನ ಸಂದಿಯಲ್ಲಿ ಟ್ಯಾಂಕರ್ ಹೋಗದು, ಗಟ್ಟಿ ಪೈಪು ಅಲ್ಲಿಯ ತಿರುವಿನಲ್ಲಿ ಬಾಗದು. ಮಧ್ವರಾಜರೇ ಅಲ್ಲಿ ಉಗ್ರಾಣ ಕಟ್ಟಿಸಿ, ಒಬ್ಬ ಮನುಷ್ಯ ಬಕೆಟ್ಟು ಹಿಡಿದು ಅಡ್ಡಡ್ಡ ನುಸುಳುವಷ್ಟು ಜಾಗ ಬಿಟ್ಟಿದ್ದರು. ಟ್ಯಾಂಕರ್ ಮುಂದೆ ರಸ್ತೆಯಲ್ಲಿ ನಿಲ್ಲಬೇಕು, ಪೈಪು ಊಟದ ಹಾಲಿನಿಂದ ಅಡಿಗೆಮನೆ ಹಾಯ್ದು ಹಿತ್ತಲಿಗೆ ಹೋಗಬೇಕು.

“ಅಡಿಗೆಮನೆಯಿಂದಾ?” ಮಧ್ವರಾಜರು ಎದೆ ಮುಟ್ಟಿಕೊಂಡಿದ್ದರು. “ಎಂತ ಹೇಳ್ತಿ ಮಾರಾಯ್ತಿ ನೀನು? ಅಲ್ಲಿ ದೇವರ ದೀಪ ಉಂಟು. ನಿನ್ನ ಅಪ್ಪನನ್ನು ಒಂದು ಬೆಳಿಗ್ಗೆ ಕಳಿಸು, ಮುಗೀತು.”

“ಅಪ್ಪ ಇಳಿಯಲ್ಲ ಸರ್. ಯಾರೂ ಇಳಿಯಲ್ಲ.”

“ಹಾಗಾದ್ರೆ ರಾಜ್ಯೋತ್ಸವ ಕಳೀಲಿ, ನೋಡುವಾ” ಎಂದಿದ್ದರು ಮಧ್ವರಾಜರು. ಆ ವಾರವೇ ಸನ್ಮಾನದ ಫೋನು ಬಂದದ್ದು.

ನವೆಂಬರಿನ ಆ ಭಾನುವಾರ ಮೂವರೂ ಥಾಣೆಯಲ್ಲಿ ನೆರೂಳದ ಗಾಡಿ ಹತ್ತಿದರು. ಶೈಲಶ್ರೀಗೆ ರೇಷ್ಮೆ ಸೀರೆ. ಗಿರಿಜವ್ವನಿಗೆ ಇಳಕಲ್ ಸೀರೆ. ಶಂಕರೆಪ್ಪನಿಗೆ ಹೊಸ ಬಿಳಿ ಅಂಗಿ, ಕೈಯಲ್ಲಿ ಚೀಲ. ಹೋಟೆಲಿನ ಎದುರು ಬಂದಾಗ ಶಂಕರೆಪ್ಪನ ಕಾಲು ತಾನಾಗಿ ಹಿಂದಿನ ಸಂದಿಯ ಕಡೆ ತಿರುಗಿತು. ಶೈಲಶ್ರೀ ಅವನ ತೋಳು ಹಿಡಿದು ಮುಂಬಾಗಿಲಿಗೆ ತಂದಳು.

ಕಾರ್ಯಕ್ರಮ ಮೇಲಿನ ಮಹಡಿಯಲ್ಲಿ, ಊಟ ಕೆಳಗೆ. ಅಪ್ಪ ಅವ್ವ ಮುಂದಿನ ಸಾಲಿನಲ್ಲಿ ಕೂತರು. ಕಾರ್ಯದರ್ಶಿ ರಮಾಕಾಂತ ಬಂದು, “ಇದು ಗಣ್ಯರಿಗೆ, ಸ್ವಲ್ಪ ಹಿಂದೆ ಕೂತ್ಕೊಳ್ಳಿ” ಎಂದರು. ಹಿಂದೆ ಹೋದರು. ಅಲ್ಲಿಂದಲೂ ಒಬ್ಬರು ಎಬ್ಬಿಸಿದರು. ಕೊನೆಗೆ ಬಾಗಿಲ ಪಕ್ಕ, ಚಪ್ಪಲಿಗಳ ಹತ್ತಿರ ಜಾಗ ಸಿಕ್ಕಿತು. ಅಲ್ಲಿಂದ ಯಾರೂ ಎಬ್ಬಿಸಲಿಲ್ಲ.

ವೇದಿಕೆಯ ಮೆಟ್ಟಿಲ ಬಳಿ ಮಧ್ವರಾಜರ ಹೆಂಡತಿ ವಸಂತಿ ಶೈಲಶ್ರೀಯ ಕೈ ಹಿಡಿದುಕೊಂಡರು. ಪಾಪ, ಅವರು ಆಹ್ವಾನ ಪತ್ರಿಕೆಯನ್ನು ನಂಬಿದ್ದರು.

“ನಮ್ಮ ಮನೆಯ ಫಿಲ್ಟರ್ ಉಂಟಲ್ಲ, ಅದರಲ್ಲಿ ನೀರು ಸಪೂರ ಬರ್ತದೆ. ಕುಡಿಯುವಾಗ ಒಂದು ನಮೂನೆ ವಾಸನೆ. ನಿಮ್ಮವರನ್ನು ಒಮ್ಮೆ ಕಳಿಸ್ತೀರಾ?”

“ನಮ್ಮವರು ಬಂದರೆ ವಾಸನೆ ಜಾಸ್ತಿ ಆಗ್ತದೆ ಆಂಟಿ” ಎಂದಳು ಶೈಲಶ್ರೀ. ವಸಂತಿ ನಕ್ಕರು. ಹುಡುಗಿ ತಮಾಷೆಯವಳು ಎಂದು ಪಕ್ಕದವರಿಗೆ ಹೇಳಿದರು.

ಶಾಲು ಹೊದಿಸಿದರು. ಮೈಸೂರು ಪೇಟ ಇಟ್ಟರು. ಅದು ದೊಡ್ಡದಾಗಿ ಕಣ್ಣ ಮೇಲೆ ಇಳಿಯುತ್ತಿತ್ತು. ಹಣ್ಣಿನ ಬುಟ್ಟಿ, ಸರಸ್ವತಿಯ ಫಲಕ. ಮಧ್ವರಾಜರು ಮೈಕಿನಲ್ಲಿ ಸೊಗಸಾಗಿ ಮಾತಾಡಿದರು. ಜಾತಿ ಎಂಬುದು ಈಗ ಎಲ್ಲಿದೆ, ಈ ಮುಂಬೈ ಮಹಾನಗರದಲ್ಲಿ ಯಾರು ಯಾರನ್ನು ಕೇಳುತ್ತಾರೆ, ಈ ಮಗಳನ್ನು ನೋಡಿ ಎಂದರು. ತಮ್ಮ ಮಗ ವಿಶ್ರುತನೂ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದು ಹೋಟೆಲಿನ ಚಹರೆಯನ್ನೇ ಬದಲಿಸಿದ್ದಾನೆ, ಓದಿದ ಮಕ್ಕಳು ತಂದೆಯ ಕಸುಬು ಹಿಡಿದರೆ ಹೀಗೆ ಎಂದರು. ವಿಶ್ರುತ ಬದಲಿಸಿದ್ದು ಮೆನು ಕಾರ್ಡು. ಈಗ ಮೊಬೈಲಿನಲ್ಲಿ ನೋಡಿ ದೋಸೆ ಹೇಳಬೇಕು. ಗುಂಡಿ ಹಳೆಯದೇ.

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಲಿಗಳ ಪಕ್ಕದಲ್ಲಿ ಗಿರಿಜವ್ವ ಕಣ್ಣೊರೆಸಿಕೊಂಡಳು. ಅವ್ವನನ್ನು ನೋಡಿ ಶೈಲಶ್ರೀ ಪೇಟ ನೆಟ್ಟಗೆ ಮಾಡಿಕೊಂಡಳು. ಹಾಳಾದ್ದು, ಸುಳ್ಳು ಎಂದು ಗೊತ್ತಿದ್ದರೂ ಖುಷಿಯಾಗುತ್ತಿತ್ತು.

ಕೆಳಗೆ ಮೇಜುಗಳ ಮೇಲೆ ಎಲೆಗಳು ಸಾಲಾಗಿ ಬಿದ್ದಿದ್ದವು. ಜನ ಇಳಿದು ಕೂರತೊಡಗಿದರು. ಶೈಲಶ್ರೀ ಅಪ್ಪ ಅವ್ವನನ್ನು ಕರೆದುಕೊಂಡು ಒಂದು ಎಲೆಯ ಹತ್ತಿರ ಹೋಗುವಷ್ಟರಲ್ಲಿ ಮಧ್ವರಾಜರು ಬಂದರು.

“ನೀವು ಥಾಣೆಗೆ ಹೋಗ್ಬೇಕಲ್ಲ. ಭಾನುವಾರ ಬೇರೆ, ಹಳಿ ರಿಪೇರಿ, ಮೆಗಾಬ್ಲಾಕ್ ಉಂಟು, ಗಾಡಿ ಸಿಗುದಿಲ್ಲ. ಇಲ್ಲಿ ಪಂಕ್ತಿಯಲ್ಲಿ ಕೂತ್ರೆ ತಡ ಆಗ್ತದೆ. ನಿಮಗೆ ಅಂತ ಸ್ಪೆಷಲ್ ಪಾರ್ಸೆಲ್ ಕಟ್ಟಿಸಿದ್ದೇನೆ. ಹಿಂದೆ ಬಾಗಿಲ ಹತ್ರ ಇಟ್ಟಿದ್ದಾರೆ, ತೆಕೊಳ್ಳಿ.”

ಥಾಣೆಯಿಂದಲೂ ಆಚೆ, ಕಲ್ಯಾಣಕ್ಕೆ ಹೋಗಬೇಕಾಗಿದ್ದ ರಮಾಕಾಂತ ಆಗಲೇ ಎಲೆಯ ಮುಂದೆ ಕೂತು ಉಪ್ಪಿನಕಾಯಿ ನೆಕ್ಕುತ್ತಿದ್ದರು.

ಶೈಲಶ್ರೀ ಬಾಯಿ ತೆರೆದಳು. ಅಷ್ಟರಲ್ಲಿ ಶಂಕರೆಪ್ಪ “ಆಗ್ಲಿರಿ ಸಾವ್ಕಾರ್ರ” ಎಂದು ಕೈಮುಗಿದು, ಮುಂಬಾಗಿಲಿಂದ ಹೊರಬಿದ್ದು ಸಂದಿಯಲ್ಲಿ ನುಸುಳಿಯೂ ಆಗಿತ್ತು. ದಾರಿ ಅವನಿಗೆ ಬಾಯಿಪಾಠ. ಅವಳೂ ಅವ್ವನೂ ಹಿಂದೆ ಹೋದರು. ಪೇಟ ಗೋಡೆಗೆ ತಾಗುತ್ತಿತ್ತು. ಹಿಂಬಾಗಿಲ ಕಟ್ಟೆಯ ಮೇಲೆ ಮೂರು ಪೊಟ್ಟಣಗಳಿದ್ದ ಚೀಲ.

“ಬಿಸಿ ಅದ” ಎಂದ ಶಂಕರೆಪ್ಪ, ಮುಟ್ಟಿ ನೋಡಿ.

ಅಪ್ಪ ಅದನ್ನು ಸಂತೋಷದಿಂದಲೇ ಹೇಳಿದ. ಶೈಲಶ್ರೀಗೆ ಅವನ ಮೇಲೆ ಬಂದಷ್ಟು ಸಿಟ್ಟು ಮಧ್ವರಾಜರ ಮೇಲೂ ಬರಲಿಲ್ಲ.

ಗುಂಡಿಯ ಮುಚ್ಚಳ ಅಲುಗಿದ್ದು ಆಗಲೇ. ಮೊದಲು ಗುಳುಗುಳು ಸದ್ದಾಯಿತು. ಆಮೇಲೆ ಮುಚ್ಚಳದ ಅಂಚಿನಿಂದ ಕಪ್ಪು ನೀರು ಉಕ್ಕಿತು. ಇಷ್ಟು ಜನ ಒಂದೇ ಸಲ ಕೈತೊಳೆದು, ಸಂಡಾಸಿಗೆ ಹೋಗಿ, ಅಡಿಗೆಯವರು ಹಂಡೆಗಟ್ಟಲೆ ಗಂಜಿ ಬಸಿದ ಮೇಲೆ ಅದಾದರೂ ಎಷ್ಟು ತಡೆದೀತು. ಅಡಿಗೆಮನೆಯ ಮೋರಿಯಿಂದಲೂ ಅದೇ ಬಂತು. ಕೈತೊಳೆಯುವ ಬೇಸಿನ್ನಿನ ಕೆಳಗಿಂದ ಊಟದ ಹಾಲಿಗೂ ಹೊರಟಿತು.

ಹಿಂಬಾಗಿಲು ಆ ದಿನ ಪೂರ್ತಿ ತೆರೆಯಿತು. ಮಧ್ವರಾಜರು ರೇಷ್ಮೆ ಪಂಚೆ ಮೊಣಕಾಲಿಗೆ ಎತ್ತಿಕೊಂಡು ಬಂದರು. ಹಿಂದೆ ವಿಶ್ರುತ. “ಪಪ್ಪಾ, ಕುಛ್ ಕರೋ ಯಾರ್, ಪಬ್ಲಿಕ್ ಬೈಠೀ ಹೈ!” ಎಂದು, ಜನ ಕೂತಿದ್ದಾರೆ ಏನಾದರೂ ಮಾಡಿ ಎಂದು ಹಿಂದಿಯಲ್ಲಿ ಕೂಗುತ್ತಿದ್ದ.

ಶೈಲಶ್ರೀ ಆಗಲೇ ಮಯೂರನಿಗೆ ಫೋನ್ ಹಚ್ಚಿದ್ದಳು. ಟ್ಯಾಂಕರ್ ಮುಂಬ್ರಾದಲ್ಲಿತ್ತು. “ತಾಈ, ನಿಘತೋ ಲಗೇಚ್” ಎಂದ ಅವನು ಮರಾಠಿಯಲ್ಲಿ, ಅಕ್ಕಾ ಈಗಲೇ ಹೊರಟೆ ಎಂದು.

“ಗಾಡಿ ಬರ್ತಾ ಇದೆ ಸರ್. ಟ್ರಾಫಿಕ್ ಇಲ್ಲದಿದ್ದರೆ ಒಂದು ತಾಸು. ಮುಂಬಾಗಿಲು ಖಾಲಿ ಮಾಡಿಸಿ, ಪೈಪು ಒಳಗಿಂದ ಬರಬೇಕು.”

ಮಧ್ವರಾಜರು ಅವಳ ಮಾತು ಕೇಳಲಿಲ್ಲ. ಮೇಲಿನ ಮಹಡಿಯಲ್ಲಿ ‘ಶೈಲಶ್ರೀಯವರು’ ಆಗಿದ್ದವಳು ಹಿತ್ತಲಿಗೆ ಬರುವಷ್ಟರಲ್ಲಿ ಯಾರೂ ಅಲ್ಲದವಳಾಗಿದ್ದಳು. ಅವರು ಶಂಕರೆಪ್ಪನ ಎದುರು ನಿಂತರು.

“ಶಂಕರ, ಇದೊಂದು ಸಲ. ನಾಲ್ಕು ಬಕೆಟ್ ತೆಗೆದ್ರೆ ಸಾಕು, ಊಟ ಮುಗಿಯುವವರೆಗೆ ತಡೀತದೆ. ಎಷ್ಟು ವರ್ಷದಿಂದ ನನ್ನ ಉಪ್ಪು ತಿಂದಿದ್ದಿ. ಮಾನ ಉಳಿಸು ಮಾರಾಯ.”

ಶಂಕರೆಪ್ಪನ ಬೆರಳು ಹೊಸ ಅಂಗಿಯ ಗುಂಡಿಗೆ ಹೋಯಿತು. ಒಂದು ಬಿಚ್ಚಿತು. ಎರಡು ಬಿಚ್ಚಿತು. ಅವನ ಮುಖದಲ್ಲಿ ದುಃಖವೇನೂ ಇರಲಿಲ್ಲ. ಬಹಳ ದಿನಗಳ ಮೇಲೆ ಯಾರೋ ಅವನನ್ನು ಕೆಲಸಕ್ಕೆ ಕರೆದಿದ್ದರು. ಅಂಗಿ ತೆಗೆದು ಮಡಚಿ ಪಾರ್ಸೆಲ್ಲಿನ ಮೇಲಿಟ್ಟ. ಚೀಲದಿಂದ ಹಗ್ಗ ತೆಗೆದು ಸೊಂಟಕ್ಕೆ ಸುತ್ತಿದ. ಗಂಟು ಹಾಕಿದ. ಇನ್ನೊಂದು ತುದಿಯನ್ನು ಮಗಳ ಕಡೆ ಚಾಚಿದ.

“ಹಿಡಿ.”

ಶೈಲಶ್ರೀ ಕೈ ಹಿಂದೆ ಕಟ್ಟಿಕೊಂಡಳು.

“ಹಿಡಿ ಬೇ, ಹೊತ್ತಾಗ್ತದ.”

“ನಾ ಹಿಡಿಯಂಗಿಲ್ಲ.”

“ಶೈಲಾ...”

“ಹಿಡಿಯಂಗಿಲ್ಲ ಅಂದ್ರ ಹಿಡಿಯಂಗಿಲ್ಲ. ನೀ ಸಾಯ್ಲಿಕ್ಕ ಹೊಂಟಿ. ನಾ ಸಾಯ್ಸಾಕ ಬರಂಗಿಲ್ಲ.”

ಮಧ್ವರಾಜರು ನಡುವೆ ಬಂದರು. “ಅಷ್ಟೇ ಅಲ್ವಾ? ವಿಶ್ರುತ ಹಿಡೀತಾನೆ. ಏ, ಹಿಡಿಯೋ.”

ವಿಶ್ರುತ ಹಗ್ಗವನ್ನು ನೋಡಿದ. ಹಗ್ಗದ ಬಣ್ಣ ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ.

“ಅವ್ರು ಹಿಡೀಬಾರ್ದ್ರಿ” ಎಂದ ಶಂಕರೆಪ್ಪ. “ಮನ್ಯಾನವ್ರೇ ಹಿಡೀಬೇಕ್ರಿ.” ಅವನು ಹೆಂಡತಿಯ ಕಡೆ ತಿರುಗಿದ. ಹಗ್ಗದ ತುದಿ ಗಿರಿಜವ್ವನ ಕಡೆ ಬಂತು.

ಗಿರಿಜವ್ವ ತಮ್ಮ ಸತ್ತಾಗಲೂ ಗಂಡನಿಗೆ ಒಂದು ಮಾತು ಅಂದವಳಲ್ಲ. ಅವಳು ಹಗ್ಗದ ತುದಿಯನ್ನು ನೋಡುತ್ತ ಹೇಳಿದಳು.

“ನನ್ನ ತಮ್ಮಂದು ನೀ ಹಿಡ್ದಿದ್ದಿ. ಮನ್ಯಾನವನೇ ಹಿಡ್ದಿದ್ದಿ. ಏನಾತು?”

ಶಂಕರೆಪ್ಪ ಹಗ್ಗ ಚಾಚಿದ ಕೈ ಇಳಿಸದೆ ನಿಂತ. ಕಪ್ಪು ನೀರು ಅವನ ಪಾದ ದಾಟಿ ಅಡಿಗೆಮನೆಯ ಹೊಸ್ತಿಲಿಗೆ ಹೋಯಿತು. ಆಮೇಲೆ ಮೆಲ್ಲಗೆ ಸೊಂಟದ ಗಂಟಿಗೆ ಕೈಹಾಕಿದ. ಬಿಗಿಯಾಗಿ ಕಟ್ಟಿದ್ದ, ಬಿಚ್ಚಲು ಬರಲಿಲ್ಲ. ಶೈಲಶ್ರೀ ಬಗ್ಗಿ ಬಿಚ್ಚಿದಳು.

“ಇಳಿಯಲ್ರಿ ಸಾವ್ಕಾರ್ರ” ಎಂದ ಶಂಕರೆಪ್ಪ. “ಆಗಲ್ರಿ.”

“ಆಗುದಿಲ್ವಾ?” ಮಧ್ವರಾಜರ ದನಿ ಏರಿತು. “ಶಾಲು ಹೊದಿಸಿ ಮೆರೆಸಿದ್ದು ಯಾರು? ಊರಿಗೆ ಉಪಕಾರ ಮಾಡಬಾರದು ಅಂತ ಹಿರಿಯರು ಹೇಳಿದ್ದು ಸುಳ್ಳಲ್ಲ. ನೀವಲ್ಲದಿದ್ರೆ ಇನ್ನೊಬ್ಬ ಇಳೀತಾನೆ. ದಿವಾ ಸ್ಟೇಷನ್ ಹತ್ರ ಇಳಿಯುವವರು ಸಾಲು ನಿಂತಿದ್ದಾರೆ. ಇನ್ನು ಈ ಕಡೆಯ ಒಂದು ಹೋಟೆಲಿನವನೂ ನಿನ್ನ ಟ್ಯಾಂಕರ್ ಕರೆಯದ ಹಾಗೆ ಮಾಡ್ತೇನೆ, ನೋಡು.”

ಅದು ಬರಿ ಬೆದರಿಕೆಯಲ್ಲ, ನಿಜ ಎಂದು ಶೈಲಶ್ರೀಗೆ ಗೊತ್ತಿತ್ತು. ದಿವಾದಲ್ಲಿ ಜನ ಇದ್ದರು. ಟ್ಯಾಂಕರಿನ ಸಾಲವೂ ಇತ್ತು.

“ಸರಿ ಸರ್” ಎಂದಳು. “ಇವತ್ತು ಮಾತ್ರ ನನ್ನ ಟ್ಯಾಂಕರೇ ಬರೋದು. ಮುಂಬಾಗಿಲು ಖಾಲಿ ಮಾಡಿಸ್ತೀರಾ?”

ಪೇಟ ತೆಗೆದು ವಿಶ್ರುತನ ಕೈಗೆ ಕೊಟ್ಟಳು. ಅದರ ಮೇಲೆ ಶಾಲು ಇಟ್ಟಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಒಂದು ತಾಸು ಹೇಗೆ ಕಳೆಯಿತೆಂದು ಹೇಳುವ ಅಗತ್ಯವಿಲ್ಲ, ನೀರೇ ಎಲ್ಲರಿಗೂ ಹೇಳಿತು. ಮೊದಲು ಹೆಂಗಸರು ಎದ್ದರು. ಆಮೇಲೆ ಗಣ್ಯರು. ವಸಂತಿ ಫುಟ್‌ಪಾತಿನಲ್ಲಿ ಮೂಗಿಗೆ ಸೆರಗು ಹಿಡಿದು, “ಜಲಶುದ್ಧೀಕರಣ ಅಂದ್ರೆ ಇದಾ?” ಎಂದು ಗಂಡನನ್ನು ಕೇಳಿದರು. ಮಧ್ವರಾಜರು ಟ್ಯಾಂಕರ್ ಬಂತೇ ಎಂದು ರಸ್ತೆಯ ಕಡೆ ನೋಡಿದರು. ರಮಾಕಾಂತ ಮಾತ್ರ ಕಾಲೆರಡನ್ನೂ ಕುರ್ಚಿಯ ಮೇಲಿಟ್ಟುಕೊಂಡು ಸಾರು ಮುಗಿಸಿಯೇ ಎದ್ದರು.

ಟ್ಯಾಂಕರ್ ಹೋಟೆಲಿನ ಫಲಕದ ನೇರ ಕೆಳಗೆ ನಿಂತಿತು. ಬೇರೆ ಜಾಗವಿರಲಿಲ್ಲ. ಶೈಲಶ್ರೀ ರೇಷ್ಮೆ ಸೀರೆಯ ಮೇಲೆ ನೀಲಿ ಜಾಕೀಟು ಹಾಕಿದಳು, ಬೂಟು ಏರಿಸಿದಳು, ಮೀಟರು ಹಿಡಿದು ಹಿತ್ತಲಿಗೆ ಹೋಗಿಬಂದಳು. ಮಯೂರ್ ಮುಂದೆ, ಅವಳು ಹಿಂದೆ. ಪೈಪು ಹೆಗಲೇರಿತು. ಮುಂಬಾಗಿಲು ದಾಟಿತು. ಎಲೆಗಳ ಸಾಲಿನ ನಡುವೆ ಹೋಯಿತು. ಅಡಿಗೆಮನೆಯ ಹೊಸ್ತಿಲು ದಾಟಿತು, ದೇವರ ದೀಪದ ಮುಂದೆ ಹಾಯಿತು, ಹಿಂಬಾಗಿಲಿಂದ ಹೊರಬಿದ್ದು ಗುಂಡಿಗೆ ಇಳಿಯಿತು. ಅಡಿಗೆಯವರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಶೈಲಶ್ರೀ ಮುಂದೆ ಬಂದು ಪಂಪು ಹಚ್ಚಿದಳು.

ಪಂಪಿನ ಸದ್ದಿಗೆ ಕಿಟಕಿಯ ಗಾಜುಗಳು ನಡುಗಿದವು. ಊಟದ ಹಾಲಿಗೆ ನುಗ್ಗಿದ್ದ ನೀರು ಹಿಂದೆ ಸರಿಯತೊಡಗಿತು. ಹೋಟೆಲಿನ ಹುಡುಗರು ನೆಲಕ್ಕೆ ಫಿನೈಲು ಹೊಡೆದರು.

ಶಂಕರೆಪ್ಪನಿಗೆ ಕೆಲಸವಿರಲಿಲ್ಲ. ಹಿತ್ತಲ ನಲ್ಲಿಯಲ್ಲಿ ಕಾಲು ತೊಳೆದ, ಅಂಗಿ ಹಾಕಿಕೊಂಡ. ಪಾರ್ಸೆಲ್ಲಿನ ಚೀಲ ಎತ್ತಿಕೊಂಡ, ಹಗ್ಗ ಎತ್ತಿಕೊಂಡ. ಪ್ರತಿ ಸಲದಂತೆ ಸಂದಿಯ ಕಡೆ ಎರಡು ಹೆಜ್ಜೆ ಇಟ್ಟ. ನಿಂತ. ತಿರುಗಿ, ಪೈಪು ಹೋದ ದಾರಿ ಹಿಡಿದು ಅಡಿಗೆಮನೆಯೊಳಗೆ ಕಾಲಿಟ್ಟ. ಅದರ ಒಳಗನ್ನು ಅವನು ನೋಡಿದ್ದು ಅದೇ ಮೊದಲು. ಹಂಡೆಗಳನ್ನು ನೋಡಿದ, ಒಲೆಗಳನ್ನು ನೋಡಿದ, ನಿಧಾನವಾಗಿ ನಡೆದು ಹಾಲಿಗೆ ಬಂದ. ಮುಂದಿನ ಮೇಜಿಗೆ ಹೋಗಿ ಕೂತ. ಗಿರಿಜವ್ವ ಬಂದು ಪಕ್ಕದಲ್ಲಿ ಕೂತಳು.

ಮಧ್ವರಾಜರು ಬಾಗಿಲಿಂದ ಬಂದರು. “ಶಂಕರ, ಇಲ್ಲಿ ಎಂತ ಕೂತದ್ದು?”

“ಉಣ್ಲಾಕ್ರಿ.”

“ಪಾರ್ಸೆಲ್ ಉಂಟಲ್ಲ ಕೈಯಲ್ಲಿ.”

ಶಂಕರೆಪ್ಪ ಚೀಲವನ್ನು ಮೇಜಿನ ಮೇಲಿಟ್ಟು ಅವರ ಕಡೆ ಸರಿಸಿದ. “ಇದನ್ನ ನೀವು ಒಯ್ರಿ. ನಮಗ ಎಲಿ ಹಾಕ್ರಿ.”

“ಮೊದಲು ಕೆಲಸ ಆಗ್ಲಿ, ಆಮೇಲೆ ನೋಡುವಾ.”

ಪಂಪು ನಿಂತಿತು. ಹಾಲಿನಲ್ಲಿ ಒಮ್ಮೆಲೇ ನಿಶ್ಶಬ್ದವಾಯಿತು. ಹಿತ್ತಲಿಂದ ಗುಳುಗುಳು ಸದ್ದು ಮಾತ್ರ ಕೇಳಿಸುತ್ತಿತ್ತು.

“ಎಂತ ಆಯ್ತು? ಮಶೀನ್ ಕೆಟ್ಟಿತಾ?” ಮಧ್ವರಾಜರು ಗಾಬರಿಯಿಂದ ತಿರುಗಿದರು.

ಶೈಲಶ್ರೀ ಬಾಗಿಲಲ್ಲಿ ನಿಂತು ಕೈಗವಸು ಬಿಚ್ಚುತ್ತಿದ್ದಳು.

“ಇಲ್ಲ ಸರ್. ಸ್ಟಾಫಿನ ಊಟದ ಹೊತ್ತು. ನಮ್ಮ ಕಂಪನಿಯ ರೂಲು.”

ಅಂಥ ರೂಲು ಆ ಕ್ಷಣದವರೆಗೆ ಇರಲಿಲ್ಲ. ಅವಳು ಬಂದು ಅಪ್ಪನ ಎದುರು ಕೂತಳು. ಮಯೂರನನ್ನೂ ಕರೆದಳು, ಅವನೂ ಬಂದು ಕೂತ. ಫುಟ್‌ಪಾತಿನಲ್ಲಿ ಬಳಗದ ಸದಸ್ಯರೆಲ್ಲ ಗಾಜಿನಾಚೆಯಿಂದ ನೋಡುತ್ತಿದ್ದರು. ವಿಶ್ರುತ ಇನ್ನೂ ಪೇಟ ಹಿಡಿದೇ ನಿಂತಿದ್ದ. ಹುಡುಗರು ಮಧ್ವರಾಜರ ಮುಖ ನೋಡಿದರು. ಹಿತ್ತಲಲ್ಲಿ ಮತ್ತೊಮ್ಮೆ ಗುಳುಗುಳು ಎಂದಿತು.

ಮಧ್ವರಾಜರು ತಾವೇ ಹೋಗಿ ಎಲೆ ತಂದರು. ಒಂದೊಂದಾಗಿ ಹಾಕಿದರು. ನಾಲ್ಕು ಬಿದ್ದವು.

“ಇನ್ನೊಂದ್ರಿ” ಎಂದ ಶಂಕರೆಪ್ಪ.

“ಯಾರಿಗೆ?”

ಶಂಕರೆಪ್ಪ ಹಗ್ಗವನ್ನು ಸುರುಳಿ ಸುತ್ತಿ ಪಕ್ಕದ ಕುರ್ಚಿಯ ಮೇಲಿಟ್ಟ. “ಶೇಖರಗ್ರಿ. ಅಂವಾನೂ ನಿಮ್ಮ ಹಿಂದಿನ ಬಾಗಲ್ದಾಗ ನಿಂತು ಉಂಡಾಂವ.”

ಐದನೆಯ ಎಲೆ ಬಿತ್ತು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಅನ್ನ, ಸಾರು ಎಲ್ಲವೂ ಐದು ಎಲೆಗೂ ಸಾಲಾಗಿ ಬಂದವು. ಹಾಲಿನಲ್ಲಿ ವಾಸನೆ ಇತ್ತು. ಶಂಕರೆಪ್ಪನಿಗೆ ಅದು ಹೊಸದಲ್ಲ. ಅವನು ಅವಸರ ಮಾಡಲಿಲ್ಲ. ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡ. ಅದೂ ಮುಗಿದ ಮೇಲೆ ಶೈಲಶ್ರೀ ಎದ್ದು, ಬೇಸಿನ್ನಿನಲ್ಲಿ ಕೈ ತೊಳೆದು, ಹೋಗಿ ಪಂಪು ಹಚ್ಚಿದಳು.